ಅಕ್ಬೆಲ್ ರೇಡಿಯೊದ ಸೊಸೆ

ಅಕ್ಬೆಲ್ ಊರಿನಲ್ಲಿ ಎಂಬತ್ತು ದಾಟಿದ ಮುದುಕರೂ ತುರುಂಬೆಕ್‌ನನ್ನು ‘ಉದ್ದ ಬಾವ’ ಎಂದೇ ಕರೆಯುತ್ತಿದ್ದರು. ಸಂತೆಯಲ್ಲಿ ಕುರಿ ಮಾರುವವರು, ಶಾಲೆಯ ಹೆಡ್‌ಮಾಸ್ಟರು, ಮಸೀದಿಯ ಮುಲ್ಲಾ, ಎಲ್ಲರಿಗೂ ಅವನು ಬಾವ. ನಿಜಕ್ಕೂ ಹಾಗೆ ಕರೆಯುವ ಹಕ್ಕಿದ್ದದ್ದು ಮನೆಯ ಒಂದಿಬ್ಬರು ಹೆಂಗಸರಿಗೆ ಮಾತ್ರ. ಅವನ ಗ್ರಹಚಾರ, ಅವರಲ್ಲಿ ಒಬ್ಬಳ ಮುಂದೆ ಇಪ್ಪತ್ತೆಂಟು ವರ್ಷದಿಂದ ರೇಡಿಯೊದ ಮೈಕು ಇತ್ತು.

ಅವಳು ಅವನ ಕಿರಿಯ ತಮ್ಮನ ಹೆಂಡತಿ ಬುಬುಸಾರಾ. ಆ ಸೀಮೆಯ ಸೊಸೆಯರು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಮಾವ, ಬಾವ, ಚಿಕ್ಕಮಾವ, ಅವರ ಅಣ್ಣತಮ್ಮಂದಿರು, ಯಾರದೂ ಇಲ್ಲ. ಗಂಡನದಂತೂ ಮೊದಲೇ ಇಲ್ಲ. ಪ್ರತಿಯೊಬ್ಬರಿಗೂ ತಾನೇ ಒಂದು ಹೆಸರು ಕಟ್ಟಿಕೊಂಡು ಕರೆಯಬೇಕು. ಅಡುಗೆಮನೆಯೊಳಗೆ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಬುಬುಸಾರಾ ಸೇರಿದ್ದ ಮನೆತನವೆಂದರೆ ಊರಿನ ಮುಕ್ಕಾಲು ಪಾಲು, ಮತ್ತು ಅಕ್ಬೆಲ್ ರೇಡಿಯೊದ ಜೀವಾಳವೆಂದರೆ ಹುಟ್ಟುಹಬ್ಬದ ಶುಭಾಶಯಗಳು. ಒಬ್ಬ ಮುದುಕನಿಗೆ ಅರವತ್ತು ತುಂಬಿದರೆ ಅವನ ಮಕ್ಕಳು ಮೂವತ್ತು ನಲವತ್ತು ಹೆಸರಿನ ಪಟ್ಟಿ ಬರೆದು ತರುತ್ತಾರೆ. ಹಿರಿಯರಿಂದ ಕಿರಿಯರವರೆಗೆ ಅಷ್ಟನ್ನೂ ಓದಿ ಆಮೇಲೆ ಹಾಡು ಹಾಕಬೇಕು. ಒಂದು ಹೆಸರು ಬಿಟ್ಟುಹೋದರೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತದೆ.

ಅವಳು ಮೊದಲ ದಿನ ಮೈಕಿನ ಮುಂದೆ ಕೂತಾಗ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರಿದ್ದವು. ಅದರಲ್ಲಿ ಇಪ್ಪತ್ತೊಂಬತ್ತು ಅವಳ ಬಾಯಿಗೆ ಬರಬಾರದವು. ಹೊಸ ಸೊಸೆ, ಇಪ್ಪತ್ತನಾಲ್ಕು ವರ್ಷ, ತಲೆಯ ಮೇಲೆ ಬಿಳಿ ವಸ್ತ್ರ. ಒಂದು ನಿಮಿಷ ಇಡೀ ಜಿಲ್ಲೆ ಮೌನವನ್ನು ಕೇಳಿತು. ಬಾಗಿಲಲ್ಲಿ ನಿಂತಿದ್ದ ಅವಳ ಮಾವ ಕೈಯಾಡಿಸಿ, ಏನಾದರೂ ಹೇಳು, ಏನಾದರೂ ಹೇಳು ಎಂದು ಸನ್ನೆ ಮಾಡಿದ. ಅವಳು ಹೇಳಿದಳು: “ಶುಭಾಶಯ ಕೋರುವವರು, ತಂತಿ ತಾತ, ಉದ್ದ ಬಾವ, ಹಾಡುವ ಬಾವ, ಕುದುರೆಯಿಂದ ಬಿದ್ದ ಚಿಕ್ಕಮಾವ, ಕುದುರೆಯಿಂದ ಬೀಳದ ಚಿಕ್ಕಮಾವ…”

ಜಿಲ್ಲೆ ನಕ್ಕಿತು. ಮರುದಿನದಿಂದ ಹಾಗೇ ಕರೆಯತೊಡಗಿತು.

ಮೊದಮೊದಲು ಬುಬುಸಾರಾ ಇದನ್ನೆಲ್ಲ ಭಯದಿಂದ ಮಾಡುತ್ತಿದ್ದಳು. ಆಮೇಲೆ ಭಯ ಹೋಗಿ ಇನ್ನೊಂದು ಬಂತು. ಅದಕ್ಕೆ ಏನೆನ್ನಬೇಕೋ ಅವಳಿಗೆ ತಿಳಿಯದು, ಆದರೆ ರುಚಿ ಮಾತ್ರ ಗೊತ್ತಾಗಿತ್ತು. ಗಂಡನ ಮನೆಯಲ್ಲಿ ಅವಳು ಒಲೆಗೆ ಸಗಣಿ ಬೆರಣಿ ಒಟ್ಟಿದ್ದಳು, ಹಿಟ್ಟು ನಾದಿದ್ದಳು, ಬಂದವರಿಗೆಲ್ಲ ಬಾಗಿ ಚಹಾ ಕೊಟ್ಟಿದ್ದಳು. ಯಾರಿಗೂ ಎದುರಾಡಿದವಳಲ್ಲ. ಆದರೆ ಎರಡನೆಯ ಬಾವ ಒಮ್ಮೆ ಅವಳ ತರಕಾರಿ ಪಾತಿಯ ಸರದಿಯ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡಾಗ, ಮುಂದಿನ ಗುರುವಾರದ ಶುಭಾಶಯದಲ್ಲಿ ‘ಹಾಡುವ ಬಾವ’ ಹೋಗಿ ‘ಕೆಮ್ಮುವ ಬಾವ’ ಬಂದಿದ್ದ. ಮನುಷ್ಯ ನೀರನ್ನೂ ಬಿಟ್ಟ, ಜೊತೆಗೆ ಹಬ್ಬದೂಟಕ್ಕೆ ಮೀಸಲಾದ ಒಂದು ಇಡೀ ಕುರಿಬಾಲದ ಕೊಬ್ಬನ್ನೂ ಕಳಿಸಿದ. ಅವಳು ಮೂರು ವಾರ ಯೋಚಿಸಿ ಅವನಿಗೆ ಹಾಡು ವಾಪಸು ಕೊಟ್ಟಳು. ಜಿಲ್ಲೆ ಮಾತ್ರ ಕೆಮ್ಮನ್ನು ಬಿಡಲಿಲ್ಲ.

ತುರುಂಬೆಕ್‌ನ ಸಂಕಟ ಬೇರೆ. ಅವನು ಈಗ ರೇಡಿಯೊದ ನಿರ್ದೇಶಕ. ಎರಡು ವರ್ಷದ ಹಿಂದೆ ಊರ ಕೌನ್ಸಿಲಿನ ಚುನಾವಣೆಗೆ ನಿಂತಿದ್ದ. ಮೇಲಿನ ಹಳ್ಳಿಗಳ ಕುರುಬರೆಲ್ಲ ಅವನ ಕಡೆ. ಮತದ ದಿನ ಅವರು ಬೆಟ್ಟ ಇಳಿದು ಬಂದರು, ಚೀಟಿ ನೋಡಿದರು. ಅದರಲ್ಲಿ ಉದ್ದ ಬಾವ ಇಲ್ಲವೇ ಇಲ್ಲ! ಯಾರೋ ತುರುಂಬೆಕ್ ಎಂಬವನಿದ್ದಾನೆ. “ನಮ್ಮ ಮನುಷ್ಯನ್ನ ತೆಗೆದುಹಾಕಿದಾರೆ” ಎಂದು ಗಲಾಟೆ ಮಾಡಿ, ಅವನ ಮೇಲಿನ ಅಭಿಮಾನದಿಂದ ಚುನಾವಣೆಯನ್ನೇ ಬಹಿಷ್ಕರಿಸಿ, ಕುದುರೆ ಹತ್ತಿ ಮನೆಗೆ ಹೋದರು. ಅಭಿಮಾನಿಗಳ ಬಹಿಷ್ಕಾರದಿಂದ ಸೋತವನು ಆ ಸೀಮೆಯಲ್ಲಿ ಅವನೊಬ್ಬನೇ.

ಆ ಮುಳ್ಳು ಅವನಲ್ಲಿ ಎರಡು ವರ್ಷ ಇತ್ತು. ರೇಡಿಯೊಗೆ ಐವತ್ತು ತುಂಬುವ ವರ್ಷ ಅದು ಹೊರಗೆ ಬಂತು.

“ನೋಡಮ್ಮಾ,” ಎಂದ, ಅಂಚೆ ಕಚೇರಿಯ ಮೇಲಿನ ಆ ಎರಡು ಕೋಣೆಯ ರೇಡಿಯೊದಲ್ಲಿ ಚಹಾ ಬಟ್ಟಲು ಹಿಡಿದು ಕೂತು, “ಮುಂದಿನ ತಿಂಗಳು ಐವತ್ತು ವರ್ಷ ಆಗತ್ತೆ. ರೇಡಿಯೊದ ಇತಿಹಾಸ ಓದ್ಬೇಕು. ನೀನೇ ಬರಿ. ನಿನ್ನಷ್ಟು ಚೆನ್ನಾಗಿ ಯಾರು ಬರೀತಾರೆ?”

“ಆಗ್ಲಿ ಬಾವಾ.”

“ಆದ್ರೆ ಹೆಸರು ಬೇಕು. ನಿಜವಾದ ಹೆಸರು. ನಮ್ಮಪ್ಪನ್ದು, ನನ್ದು, ಎಲ್ಲಾರ್ದೂ. ತಂತಿ ತಾತ, ಕೆಮ್ಮೋ ಬಾವ, ಇದೆಲ್ಲ ಬೇಡ. ಇದು ಇತಿಹಾಸ ಕಣಮ್ಮಾ, ಹಾಲು ಕರಿಯೋವಾಗಿನ ಹರಟೆ ಅಲ್ಲ.”

“ಬರಿಯೋಕೇನು ಬಾವಾ, ಬರೀತೀನಿ. ಕೈಗೆ ಕಟ್ಟಿಲ್ಲ.”

“ಬಾಯಿಗೆ?”

ಬುಬುಸಾರಾ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

“ಓದಕ್ಕಾದ್ರೆ ನೀನೇ ಓದು, ಕುರ್ಚಿ ನಿನ್ದೇ. ಆಗ್ದಿದ್ರೆ ನನ್ನ ಮಗಳು ಜಿಬೆಕ್ ಬರ್ತಾಳೆ. ಬಿಷ್ಕೆಕ್‌ನಲ್ಲಿ ರಾಜಧಾನಿಯ ದೊಡ್ಡ ರೇಡಿಯೊದಲ್ಲಿ ಓದಿದೋಳು. ಮನೆ ಮಗಳು, ಅವಳಿಗೆ ಯಾವ ಕಟ್ಟೂ ಇಲ್ಲ. ಬಂದೋಳು ಇಲ್ಲೇ ಉಳ್ಕೊಳ್ಳಲಿ ಅಂತಿದೀನಿ. ನಿನಗೂ ಸಾಕಾಯ್ತಲ್ಲ, ಮೊಮ್ಮಕ್ಕಳ್ನ ಆಡಿಸ್ಕೊಂಡಿರು.”

ಇದನ್ನು ಅವನು ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಕೆಟ್ಟ ದನಿಯಲ್ಲಿ ಹೇಳಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಒಳಗೆ ಯಂತ್ರದ ಮುಂದೆ ಕೂತಿದ್ದ ಅವಳ ಗಂಡ ಕುಬಾತ್ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಮತ್ತೆ ಹಾಕಿಕೊಂಡ. ಅಣ್ಣನ ಎದುರಿಗೆ ಅವನು ಹೂಡುವ ಯುದ್ಧ ಅಷ್ಟೇ.

ಅವಳು ಬರೆದಳು. ಬರೆಯುವುದು ಸುಖವಾಗಿತ್ತು. ಐವತ್ತು ವರ್ಷದ ಹಿಂದೆ ಮಾವ ಊರಿನ ಅಂಚೆಯವನು. ಮೇಲಿನ ಕೇರಿಯ ಏರು ಹತ್ತಿ ಹತ್ತಿ ಮಂಡಿ ಸವೆದಿತ್ತು. ಮನೆಮನೆಯ ಅಡುಗೆಮನೆಗೆ ತಂತಿಯಲ್ಲಿ ರೇಡಿಯೊ ಕೊಡುತ್ತೇವೆ, ಯಾರಾದರೂ ಕಂಬ ನೆಟ್ಟು ಕೊಡಿ ಎಂದು ಜಿಲ್ಲೆಯಿಂದ ಆಜ್ಞೆ ಬಂದಾಗ ಅವನೇ ಮುಂದೆ ಬಂದ. ಕಂಬ ಸಾಲದೆ ಪಾಪ್ಲರ್ ಮರಗಳಿಗೆ ತಂತಿ ಕಟ್ಟಿದ. ಗಾಳಿ ಬೀಸಿದರೆ ಸುದ್ದಿ ತೂಗಾಡುತ್ತಿತ್ತು. ಮೊದಲ ದಿನವೇ ಅವನು ಮೈಕಿನಲ್ಲಿ ಊರವರ ಪೋಸ್ಟ್‌ಕಾರ್ಡುಗಳನ್ನು ಓದಿಬಿಟ್ಟ. ಇಂಥವರ ಮಗ ಕ್ಷೇಮ, ಇಂಥವರ ತಂಗಿಗೆ ಗಂಡು, ಇಂಥವರು ಕುದುರೆ ಮಾರಿದ್ದು ಇನ್ನೂ ಹೆಂಡತಿಗೆ ತಿಳಿಯಬಾರದು. ಏರು ಹತ್ತುವ ಕಷ್ಟ ತಪ್ಪಿತು. ಊರಿಗೆ ಆ ರೇಡಿಯೊ ಬಿಡದ ಚಟವಾಯಿತು. ಒಂದು ಚಳಿಗಾಲ ಮೇಕೆಯೊಂದು ತಂತಿ ಅಗಿದು ಮೇಲಿನ ಕೇರಿ ಹನ್ನೊಂದು ದಿನ ಮೌನವಾಗಿದ್ದಾಗ, ಅಲ್ಲಿನ ಹೆಂಗಸರು ಆ ಮೇಕೆಯನ್ನು ಹಿಡಿದು ತಂದು ಅಂಚೆ ಕಚೇರಿಗೆ ಕಟ್ಟಿಹಾಕಿದ್ದರು. ದೇಶವೇ ಒಡೆದ ವರ್ಷ ವಿದ್ಯುತ್ತು ಹೋಯಿತು, ಸಂಬಳ ಹೋಯಿತು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ದಿನಕ್ಕೆ ಎರಡು ಗಂಟೆ ರೇಡಿಯೊ ನಡೆಯಿತು. ಆಗ ಬೇರೇನೂ ಸುದ್ದಿ ಇರಲಿಲ್ಲವಾದ್ದರಿಂದ ಬುಬುಸಾರಾ ಯಾರ ಮನೆಯಲ್ಲಿ ಹಿಟ್ಟಿದೆ, ಯಾರ ಮನೆಯಲ್ಲಿ ಬೆಂಕಿಪೊಟ್ಟಣ ಇದೆ ಎಂದು ಓದುತ್ತಿದ್ದಳು. ಓದಿಸಿಕೊಂಡವರು ಕೊಡದೆ ಗತಿಯಿರಲಿಲ್ಲ.

ಇದೆಲ್ಲ ಕಾಗದಕ್ಕೆ ಬಂತು. ತನ್ನ ಬಗ್ಗೆ ಅವಳು ‘ಈಗಿನ ಉದ್ಘೋಷಕಿ’ ಎಂದಷ್ಟೇ ಬರೆದುಕೊಂಡಳು, ಒಂದು ಸಾಲು.

ಓದುವ ವಿಚಾರ ಮಾತ್ರ ಹಾಗೇ ಉಳಿದಿತ್ತು. ಎಂಬತ್ತೈದರ ಅತ್ತೆ ಕಿಟಕಿಯ ಬಳಿ ಟ್ರಾನ್ಸಿಸ್ಟರ್ ಇಟ್ಟುಕೊಂಡು, ರೇಡಿಯೊಗಿಂತ ಮೊದಲೇ ಎಲ್ಲ ಸುದ್ದಿಯನ್ನೂ ತಿಳಿದುಕೊಂಡು ಕೂತಿರುತ್ತಾಳೆ. ಬುಬುಸಾರಾ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಮೆಲ್ಲಗೆ ಕೇಳಿದಳು.

“ಆಪಾ, ಒಂದೇ ಸಲ, ಕೆಲಸದ ಮೇಲೆ ಹೆಸರು ಹೇಳಿದ್ರೆ ತಪ್ಪಾ?”

“ಯಾರ ಹೆಸ್ರು?”

“ಮಾವ್ನೋರ್ದು. ಉದ್ದ ಬಾವಂದು.”

“ನಿಮ್ಮಾವನ ಜೊತೆ ಐವತ್ತೆರಡು ವರ್ಷ ಬಾಳಿದೀನಿ. ಒಂದಿನ ಹೇಳಿಲ್ಲ. ಆಸ್ಪತ್ರೇಲಿ ಪ್ರಜ್ಞೆ ತಪ್ಪಿ ಮಲಗಿದ್ರಲ್ಲ, ಡಾಕ್ಟ್ರು ಪೇಷಂಟ್ ಹೆಸರೇನಮ್ಮ ಅಂದ್ರು. ಎಚ್ಚರ ಆದ್ಮೇಲೆ ನೀವೇ ಕೇಳ್ಕೊಳ್ಳಿ ಅಂದೆ.”

“ಆಮೇಲೆ?”

“ಆಮೇಲೇನು, ಎಚ್ಚರ ಆಯ್ತು, ಹೇಳಿದ್ರು. ಹೇಳೋಕೇ ಎಚ್ಚರ ಆದಂಗಿತ್ತು. ಇನ್ನೊಂಚೂರು ಎಣ್ಣೆ ಹಾಕು.”

ಮರುದಿನ ಬೆಳಿಗ್ಗೆ ಬುಬುಸಾರಾ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಸುವಿನ ಕೆಚ್ಚಲಿಗೆ ಕೈಹಾಕಿ, ಅದರ ಹೊಟ್ಟೆಗೆ ಹಣೆ ಒತ್ತಿ, ಹೇಳಿದಳು. ಮೊದಲು ಪಿಸುಮಾತಿನಲ್ಲಿ. ಆಮೇಲೆ ಸುದ್ದಿ ಓದುವ ದನಿಯಲ್ಲಿ.

“ತುರುಂಬೆಕ್.”

ಸೂರು ಬೀಳಲಿಲ್ಲ. ಹಾಲು ಒಡೆಯಲಿಲ್ಲ. ಹಸು ಒಂದು ಕಿವಿ ತಿರುಗಿಸಿ, ತನಗೆ ಸಂಬಂಧಿಸಿದ್ದಲ್ಲವೆಂದು ಮತ್ತೆ ಹುಲ್ಲು ತಿಂದಿತು. ಅವಳು ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಮಾವನ ಹೆಸರನ್ನೂ ಹೇಳಿದಳು, ಮೊಲ್ದೊಕುಲ್, ಮೊಲ್ದೊಕುಲ್. ಇಷ್ಟು ಸುಲಭವೇ! ಮೂವತ್ತು ವರ್ಷದಿಂದ ಬಾಯಲ್ಲಿ ಕಲ್ಲಿದೆ ಎಂದುಕೊಂಡದ್ದು ಬರೀ ಸಕ್ಕರೆ ಹರಳಾಗಿತ್ತು. ಆದರೆ ಹೇಳುತ್ತ ಹೇಳುತ್ತ ಅವಳಿಗೆ ಇನ್ನೊಂದು ಕಂಡಿತು. ಹೆಸರೇನೋ ಬಾಯಿಗೆ ಬಂತು, ಮನುಷ್ಯ ಬರಲಿಲ್ಲ. ತುರುಂಬೆಕ್ ಎಂದಾಗ ಯಾವುದೋ ಕಚೇರಿಯ ಬಾಗಿಲಿನ ಫಲಕ ಕಂಡಿತೇ ಹೊರತು, ಹೊಸಿಲಿಗೆ ತಲೆ ಬಡಿದುಕೊಂಡು ಒಳಬರುವ, ನಿದ್ದೆಯಲ್ಲೂ ಭಾಷಣ ಮಾಡುವ, ತಾಯಿಯ ಹಲ್ಲುನೋವಿಗೆ ಹದಿನೆಂಟು ಮೈಲಿ ಕುದುರೆ ಓಡಿಸಿದ ಆ ಉದ್ದ ಬಾವ ಕಾಣಲಿಲ್ಲ. ಅವನ ಅಪ್ಪ ಅವನಿಗೆ ಒಂದು ಹೆಸರಿಟ್ಟು ಕೈತೊಳೆದುಕೊಂಡಿದ್ದ. ನೋಡಿ ನೋಡಿ ಹೆಸರಿಟ್ಟವಳು ತಾನು. ತಾನು ಕಟ್ಟಿದ್ದನ್ನು ತಾನೇ ಕೆಡವಿ ಕುರ್ಚಿ ಉಳಿಸಿಕೊಂಡರೆ, ಕುರ್ಚಿಯ ಮೇಲೆ ಕೂರುವವಳು ಯಾರು?

ಅವಳು ಹಾಲಿನ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದಳು. ಮಧ್ಯಾಹ್ನ ರೇಡಿಯೊದಲ್ಲಿ ತಲೆ ತಗ್ಗಿಸಿ ಹೇಳಿದಳು, “ಆಗಲ್ಲ ಬಾವಾ. ನಾಲಿಗೆ ಏಳ್ತಿಲ್ಲ.” ಅದು ಶುದ್ಧ ಸುಳ್ಳು. ಸಂಜೆಗೆ ಅತ್ತೆಗೆ ಸುದ್ದಿ ಮುಟ್ಟಿ, ಅವಳು ನೆರೆಮನೆಗೆಲ್ಲ “ನನ್ನ ಸೊಸೆ ಬಂಗಾರ, ಕುರ್ಚಿ ಬಿಟ್ಲು, ಮರ್ಯಾದೆ ಬಿಡ್ಲಿಲ್ಲ” ಎಂದು ಸಾರಿದಳು. ಬುಬುಸಾರಾ ಹಿಟ್ಟು ನಾದುತ್ತ ಕೆಂಪಗಾದಳು. ರಾತ್ರಿ ಹಾಸಿಗೆಯಲ್ಲಿ ಕುಬಾತ್, “ಅತ್ತಿದೀಯಾ?” ಎಂದ. “ಇಲ್ಲ ರೀ,” ಎಂದಳು. ಅತ್ತಿದ್ದಳು.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕಾರ್ಯಕ್ರಮ. ಜಿಬೆಕ್ ಹಿಂದಿನ ದಿನವೇ ಬಂದಿದ್ದಳು. ಇಪ್ಪತ್ತಾರರ ಚೆಲುವೆ, ಆಳವಾದ ಕಂಠ. ಬೆಟ್ಟದ ಗಾಳಿಗೆ ನೆಗಡಿ ಹಿಡಿದು ಆ ಕಂಠ ಇನ್ನಷ್ಟು ಆಳಕ್ಕೆ ಇಳಿದಿತ್ತು.

“ಕ್ಷಮಿಸು ಚಿಕ್ಕಮ್ಮಾ,” ಎಂದಳು ಮೂಗೊರೆಸಿಕೊಂಡು. “ನಾನು ಕೇಳಿರ್ಲಿಲ್ಲ ಇದನ್ನ. ಅಪ್ಪಾನೇ ಹಟ ಮಾಡಿದ್ದು.”

“ನಂಗೊತ್ತು ಮಗಳೇ. ಬಿಸಿ ಚಹಾ ಕುಡಿ, ಗಂಟಲು ಕಟ್ಟಿದೆ.”

ತುರುಂಬೆಕ್ ಬಿಳಿ ಟೋಪಿ ಹಾಕಿಕೊಂಡು, ಎದೆಗೆ ಅಪ್ಪನ ಪದಕವನ್ನೂ ಚುಚ್ಚಿಕೊಂಡು ಬಂದಿದ್ದ. ಗೋಡೆಯ ಬಳಿಯ ಬೆಂಚು ತೋರಿಸಿದ. “ನೀನು ಅಲ್ಲಿ ಕೂತ್ಕೊಳಮ್ಮ. ಇವತ್ತು ನಿನ್ನ ಬಾಯಿಂದ ಒಂದು ಮಾತೂ ಬರ್ಬಾರ್ದು. ಆಯ್ತಾ? ನೇರ ಪ್ರಸಾರ. ಒಂದು ಮಾತೂ ಬೇಡ.”

“ಆಗ್ಲಿ ಬಾವಾ,” ಎಂದು ಅವಳು ಕೂತಳು.

ಜಿಬೆಕ್ ಯಂತ್ರದ ಕಡೆ ತಿರುಗಿ, “ಚಿಕ್ಕಪ್ಪಾ, ಹಿಂದೆ ಏನಾದ್ರೂ ಗಂಭೀರವಾಗಿರೋ ಸಂಗೀತ ಹಾಕು,” ಎಂದಳು.

ಅಕ್ಬೆಲ್ ರೇಡಿಯೊದಲ್ಲಿ ಸಂಗೀತ ಮೂರು ಬಗೆ. ಮದುವೆಯದು, ಸುದ್ದಿಯದು, ಮತ್ತೊಂದು ಕುದುರೆಕೂದಲಿನ ತಂತಿಯ ಪಿಟೀಲು. ಗಂಭೀರವಾದದ್ದು ಅದೊಂದೇ. ಕುಬಾತ್ ಒಂದು ಕ್ಷಣ ಹೆಂಡತಿಯ ಮುಖ ನೋಡಿದ, ಆಮೇಲೆ ಅಣ್ಣನ ಮುಖ ನೋಡಿದ, ಮೂರನೆಯದನ್ನೇ ಹಾಕಿದ. ಪಿಟೀಲು ಗೋಳಿಟ್ಟಿತು.

ಬುಬುಸಾರಾ ಬೆಂಚಿನಿಂದ ಅರ್ಧ ಎದ್ದಳು. ಆ ಪಿಟೀಲನ್ನು ಊರು ಕೇಳುತ್ತಿದ್ದದ್ದು ಒಂದೇ ಕಾರಣಕ್ಕೆ. ಯಾರಾದರೂ ಸತ್ತಾಗ. ಸಾವಿನ ಪ್ರಕಟಣೆಯಲ್ಲಿ ಸತ್ತವರ ಅಪ್ಪನ ಹೆಸರು, ಅವರ ಹೆಸರು, ಹುಟ್ಟಿದ ಇಸವಿ ಎಲ್ಲವನ್ನೂ ಪೂರ್ತಿ ಹೇಳಲೇಬೇಕು. ಅದು ಅವಳಿಂದ ಆಗದ ಕೆಲಸವಾದ್ದರಿಂದ ಇಪ್ಪತ್ತೆಂಟು ವರ್ಷವೂ ಕುಬಾತ್‌ನೇ ಅದನ್ನು ಓದುತ್ತ ಬಂದಿದ್ದ. ಆ ಮನೆತನದವರ ನಿಜ ಹೆಸರು ಅಕ್ಬೆಲ್‌ನ ಗಾಳಿಯಲ್ಲಿ ಕೇಳಿಬಂತೆಂದರೆ, ಅವರು ಮಣ್ಣಿಗೆ ಹೊರಟರೆಂದೇ ಲೆಕ್ಕ.

ಬಾಯಿ ತೆರೆದಳು. ತುರುಂಬೆಕ್ ಬೆರಳನ್ನು ತುಟಿಯ ಮೇಲಿಟ್ಟು ಕಣ್ಣರಳಿಸಿದ. ಅವಳು ಬಾಯಿ ಮುಚ್ಚಿ ಕೂತಳು. ಹಿರಿಯರು ಬೇಡವೆಂದ ಮೇಲೆ ಮಾತಾಡುವುದು ಸೊಸೆಗೆ ಒಪ್ಪುವುದಿಲ್ಲ. ತನ್ನ ಬದುಕಿನಲ್ಲಿ ಇಷ್ಟು ಸಂತೋಷದಿಂದ ಎಂದೂ ಮರ್ಯಾದೆ ಪಾಲಿಸಿರಲಿಲ್ಲ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಬಾಯಿ ಮುಚ್ಚಿಯೇ ಇದ್ದಳು.

“ಶಾಯ್‌ಮೆರ್ಗೆನ್‌ನ ಮಗ ಮೊಲ್ದೊಕುಲ್,” ಎಂದು ಜಿಬೆಕ್ ಶುರು ಮಾಡಿದಳು. ಅವನು ಹೇಗೂ ಹನ್ನೆರಡು ವರ್ಷದ ಹಿಂದೆಯೇ ಹೋದವನು, ಊರು ತಲೆ ಕೆಡಿಸಿಕೊಳ್ಳಲಿಲ್ಲ. ಐದು ನಿಮಿಷವಾದ ಮೇಲೆ ಅವಳು ಹಾಳೆ ತಿರುವಿದಳು. ನೆಗಡಿಗೆ ಗಂಟಲು ಕಟ್ಟಿತು. “ಮೊಲ್ದೊಕುಲ್‌ನ ಮಗ ತುರುಂಬೆಕ್,” ಎಂದಳು, ನಿಂತಳು, ಮೂಗೆಳೆದಳು, ಮತ್ತೆ ಹೇಳಿದಳು, “ನನ್ನ ತಂದೆ ತುರುಂಬೆಕ್… ಸಾವಿರದ ಒಂಬೈನೂರ ಐವತ್ತಾರನೆಯ ಇಸವಿಯಲ್ಲಿ ಹುಟ್ಟಿ… ಈ ಊರಿಗಾಗಿ ದುಡಿದು…”

ತುರುಂಬೆಕ್‌ನ ಕಣ್ಣು ಒದ್ದೆಯಾಯಿತು.

ಮೊದಲ ಫೋನು ಎರಡು ನಿಮಿಷದಲ್ಲಿ ಬಂತು. ಕುಬಾತ್ ಎತ್ತಿಕೊಂಡು ಕೇಳಿ, ಬಿಳಿಚಿಕೊಂಡು ಇಟ್ಟ. ಇಟ್ಟ ಕೂಡಲೇ ಮತ್ತೆ ಹೊಡೆಯಿತು. “ಅದೇನಂತೆ?” ಎಂದು ತುರುಂಬೆಕ್ ಪಿಸುಗುಟ್ಟಿದ. “ಕೇಳುಗರು ಅಣ್ಣಾ. ಬಹಳ… ಬಹಳ ದುಃಖ ಪಡ್ತಿದಾರೆ.” “ಮನಸ್ಸಿಗೆ ತಟ್ಟಿದೆ,” ಎಂದು ತುರುಂಬೆಕ್ ತಲೆಯಾಡಿಸಿ ಕಿಟಕಿಗೆ ಹೋಗಿ ನಿಂತ. ಬೀದಿಯಲ್ಲಿ ಜನ ಓಡುತ್ತಿದ್ದರು. ಗಂಡಸರು ದೂರದಿಂದಲೇ ದೊಡ್ಡ ದನಿಯಲ್ಲಿ ಗೋಳಾಡುತ್ತ, ಕೋಲೂರಿ ಬಾಗಿಕೊಂಡು ಬರುತ್ತಿದ್ದರು. ಒಂದು ಲಾರಿ ಬಂತು. ಅದರಿಂದ ಗುಡಾರದ ಬಳುಕು ಕಡ್ಡಿಗಳು, ಬೂದು ಉಣ್ಣೆಯ ಕಂಬಳಿಗಳು ಇಳಿದವು. ಸಾವಿನ ಮನೆಯ ಅಂಗಳದಲ್ಲಿ ನಿಲ್ಲಿಸುವ ಗುಡಾರ.

“ಅಯ್ಯೋ ಪಾಪ,” ಎಂದ ತುರುಂಬೆಕ್. “ಯಾರೋ ಹೋದ್ರು ಅನ್ಸತ್ತೆ. ಇವತ್ತೇ ಹೋಗ್ಬೇಕಿತ್ತಾ? ಯಾರ ಮನೆ ಅದು…” ಕತ್ತು ಚಾಚಿದ. “ಯಾರ ಮನೆ… ಲೇ! ಅದು ನಮ್ಮನೆ!”

ಎದುರಿನ ಅಂಗಳದಲ್ಲಿ ಗುಡಾರದ ಅಸ್ಥಿಪಂಜರ ಎದ್ದು ನಿಂತಿತ್ತು. ಸಂತೆಯಿಂದ ಬಂದ ಅವನ ಹೆಂಡತಿಯನ್ನು, ಕೈಯಲ್ಲಿನ ಈರುಳ್ಳಿ ಚೀಲದ ಸಮೇತ, ಹತ್ತು ಹೆಂಗಸರು ತಬ್ಬಿಕೊಂಡಿದ್ದರು. ಅವಳ ದನಿ ಬೀದಿ ದಾಟಿ ಮೇಲಕ್ಕೆ ಬಂತು: “ಅಯ್ಯೋ, ಬೆಳಿಗ್ಗೆ ಆರು ಮೊಟ್ಟೆ ತಿಂದು ಹೋದ್ರಲ್ಲೋ! ಏಳನೇದು ಕೇಳಿದ್ರೆ ಕೊಡ್ಲಿಲ್ವಲ್ಲೋ ನಾನು ಪಾಪಿ!”

“ನಾನಾ?” ಎಂದು ತುರುಂಬೆಕ್ ಎದೆ ಮುಟ್ಟಿಕೊಂಡ. “ನಾನಾ ಸತ್ತಿರೋದು?” ಮಗಳ ಕೈಯಿಂದ ಮೈಕು ಕಸಿದುಕೊಂಡ. “ಕೇಳಿ! ನಾನು ತುರುಂಬೆಕ್ ಮಾತಾಡ್ತಿದೀನಿ! ಮೊಲ್ದೊಕುಲ್‌ನ ಮಗ ತುರುಂಬೆಕ್! ಬದುಕಿದೀನಿ!”

ಹಿಂದೆ ಪಿಟೀಲು ಇನ್ನೂ ಅಳುತ್ತಿತ್ತು. ಎದುರಿನ ಅಂಗಳದಲ್ಲಿ ಗೋಳು ಎರಡು ಪಟ್ಟಾಯಿತು. ಫೋನು ಹೊಡೆಯಿತು, ಕುಬಾತ್ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹಿಡಿದ. ಒಬ್ಬ ಮುದುಕಿ ಬಿಕ್ಕುತ್ತಿದ್ದಳು.

“ಏನಪ್ಪಾ, ನಿಮಗೆ ಕರುಳಿಲ್ವಾ? ಮಣ್ಣು ಮಾಡೋಕೂ ಮುಂಚೆ ಸತ್ತೋರ ಹಳೇ ದನಿ ಹಾಕ್ತೀರಲ್ಲ! ಅದ್ರಲ್ಲಿ ಬದುಕಿದೀನಿ ಅಂತ ಬೇರೆ!”

“ರೆಕಾರ್ಡ್ ಅಲ್ಲ ಅಜ್ಜೀ, ನಾನೇ!” ಎಂದು ತುರುಂಬೆಕ್ ಅರಚಿದ.

“ಎಷ್ಟು ಚೆನ್ನಾಗಿ ಮಾತಾಡ್ತಿದ್ರು,” ಎಂದು ಅತ್ತು ಅವಳು ಫೋನಿಟ್ಟಳು. ಅಂಗಳಕ್ಕೆ ಯಾರೋ ಒಂದು ಕುರಿಯನ್ನು ಎಳೆದು ತಂದರು.

ತುರುಂಬೆಕ್ ತಿರುಗಿದ. ಬೆಂಚಿನ ಮೇಲೆ ಬುಬುಸಾರಾ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು.

“ನೀನಾದ್ರೂ ಹೇಳಮ್ಮಾ! ನೀನು ಹೇಳಿದ್ರೆ ನಂಬ್ತಾರೆ!”

ಅವಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

“ಅಯ್ಯೋ ಮಾತಾಡೇ ತಾಯೀ! ನನ್ನ ಕುರಿ ಅದು! ಮರಿ ಹಾಕೋ ಕುರಿ!”

ಬುಬುಸಾರಾ ಎದ್ದಳು. ಜಿಬೆಕ್ ತಾನೇ ಕುರ್ಚಿ ಬಿಟ್ಟು ನಿಂತಳು. ಬುಬುಸಾರಾ ಕೂತು, ತಲೆವಸ್ತ್ರ ಸರಿಮಾಡಿಕೊಂಡು, ಗಂಡನ ಕಡೆ ನೋಡಿ ಕಣ್ಣಲ್ಲೇ ಹೇಳಿದಳು. ಪಿಟೀಲು ನಿಂತಿತು.

“ಯಾರೂ ಸತ್ತಿಲ್ಲ,” ಎಂದಳು ದಿನದ ದನಿಯಲ್ಲಿ. “ನಮ್ಮ ಉದ್ದ ಬಾವ ಗುಂಡುಕಲ್ಲಿನ ಹಾಗಿದ್ದಾರೆ. ಇಲ್ಲೇ ನನ್ನ ಮುಂದೆ ಬೆವರ್ತಾ ನಿಂತಿದಾರೆ. ಆ ಕುರಿ ಬಿಡಿ. ಅಕ್ಕಾ, ಈರುಳ್ಳಿ ಕೆಳಗಿಡು, ಏ‍ಳನೇ ಮೊಟ್ಟೆ ರಾತ್ರಿಗೆ ಕೊಟ್ರಾಯ್ತು.”

ಎದುರಿನ ಅಂಗಳದಲ್ಲಿ ಗೋಳು ನಡುವಿನಲ್ಲೇ ತುಂಡಾಯಿತು. ಗುಡಾರದ ಮೇಲೆ ಕಂಬಳಿ ಎಳೆಯುತ್ತಿದ್ದವರು ಹಾಗೇ ನಿಂತರು. ಆಮೇಲೆ ಒಬ್ಬ ನಕ್ಕ. ಆಮೇಲೆ ಯಾರೂ ನಿಲ್ಲಿಸಲಾಗದಂತೆ ನಗು ಎದ್ದಿತು. ತುರುಂಬೆಕ್ ಕಿಟಕಿ ತೆರೆದು ಅರ್ಧ ಮೈ ಹೊರಗೆ ಹಾಕಿ, ಎರಡೂ ಕೈ ಬೀಸಿ, ಎರಡು ವರ್ಷದ ಮುಳ್ಳನ್ನು ತಾನೇ ಕಿತ್ತು ಎಸೆದ.

“ನಾನೇ ಕಣ್ರೋ! ಉದ್ದ ಬಾವ! ಉದ್ದ ಬಾವ ಬದುಕಿದೀನಿ!”

“ಬಾವ ಬದುಕಿದಾರೆ!” ಎಂದು ಬೀದಿ ಕೂಗಿತು. ಕುರಿ ತಪ್ಪಿಸಿಕೊಂಡು ಅಂಚೆ ಕಚೇರಿಯ ಕಡೆಗೇ ಓಡಿತು.

ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಹದಿನೈದು ವರ್ಷದಿಂದ ಈ ಮೆಟ್ಟಿಲು ಹತ್ತದ ಅತ್ತೆ ಇಬ್ಬರು ಹೆಂಗಸರ ಹೆಗಲ ಮೇಲೆ ಕೈಯಿಟ್ಟು ಬಂದಿದ್ದಳು. ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು, ಕೆನ್ನೆ ಮುಟ್ಟಿದಳು, ಆಮೇಲೆ ಅದೇ ಕೋಲಿನಿಂದ ಮೊಣಕಾಲಿಗೆ ಒಂದು ಬಾರಿಸಿದಳು.

“ನಾನಿನ್ನೂ ಇದೀನಿ, ನಿಂಗೇನು ಆತುರ? ಯಾರೋ ಓದ್ತಿದ್ದ ನನ್ನ ಯಜಮಾನರ ಕಥೆ ಒಂದೂ ತಲೆಗೆ ಹೋಗ್ಲಿಲ್ಲ. ಯಾವೂರಿನ ಮೊಲ್ದೋನೋ ಏನೋ.” ತಾನು ಮುಕ್ಕಾಲು ಹೆಸರು ಹೇಳಿಬಿಟ್ಟದ್ದು ಹೊಳೆದು ತಟ್ಟನೆ ಬಾಯಿ ಮುಚ್ಚಿಕೊಂಡಳು. ಸುತ್ತ ನೋಡಿದಳು. ಎಲ್ಲರೂ ಬೇರೆ ಕಡೆ ನೋಡಿದರು. “ಮೊದ್ಲಿಂದ ಓದು ಮಗಳೇ,” ಎಂದಳು ಸೊಸೆಗೆ, ಬೆಂಚಿನ ಮೇಲೆ ಕೂತು.

ಬುಬುಸಾರಾ ಬಾವನ ಕಡೆ ನೋಡಿದಳು. ಅವನು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

“ಓದಮ್ಮ,” ಎಂದ. “ಇನ್ಮೇಲೂ ನೀನೇ ಓದು. ಸತ್ತೋನು ಹೇಳ್ತಿದೀನಿ ಅಂತ ತಿಳ್ಕೊ. ಜಿಬೆಕ್ ಸುದ್ದಿ ಓದ್ಕೊಳ್ಳಲಿ, ಅವಳ ನೆಗಡಿ ಹೋದ್ಮೇಲೆ.”

ಕುಬಾತ್ ಕಿವಿಯಿಂದ ತೆಗೆದು ಮತ್ತೆ ಹಾಕಿಕೊಂಡ. ಮದುವೆಯ ಸಂಗೀತ ಹಾಕಿದ.

ಅವಳು ಓದಿದಳು. ತಂತಿ ತಾತ ಕಂಬ ನೆಟ್ಟ, ಮೇಕೆ ತಂತಿ ತಿಂದಿತು, ಕೆಮ್ಮುವ ಬಾವ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದ, ಉದ್ದ ಬಾವ ಅದನ್ನು ಎಲ್ಲಿಡಬೇಕೆಂದು ಭಾಷಣ ಮಾಡಿದ. ಕಾಗದದಲ್ಲಿದ್ದ ಹೆಸರುಗಳು ಕಣ್ಣಿಗೆ ಬೀಳುತ್ತಿದ್ದವು, ಬಾಯಿಗೆ ಬರುವಾಗ ಮನುಷ್ಯರಾಗುತ್ತಿದ್ದವು. ಅಂಗಳದಲ್ಲಿ ಜನ ಗುಡಾರ ಬಿಚ್ಚಲಿಲ್ಲ. ಬಂದದ್ದು ಬಂದಾಯಿತು ಎಂದು ಅದರೊಳಗೇ ಕೂತು ರೇಡಿಯೊ ಕೇಳುತ್ತ, ಸಾವಿಗೆಂದು ಹಚ್ಚಿದ ಒಲೆಯಲ್ಲಿ ಬೊರ್ಸೋಕ್ ಕರಿಯತೊಡಗಿದರು. ಎಣ್ಣೆಯಲ್ಲಿ ಹಿಟ್ಟು ಉಬ್ಬುವ ವಾಸನೆ ಕಿಟಕಿಯಿಂದ ಒಳಗೆ ಬಂತು.

ಕೊನೆಯ ಹಾಳೆಯಲ್ಲಿ ಆ ಒಂದು ಸಾಲಿತ್ತು. ಈಗಿನ ಉದ್ಘೋಷಕಿ. ಅವಳು ಅಲ್ಲಿ ನಿಂತಳು. ಗಂಡನ ಮನೆಯ ಯಾರ ಹೆಸರನ್ನೂ ಹೇಳಬಾರದೆಂದು ಕಟ್ಟಿದೆ. ಸೊಸೆ ತನ್ನ ಹೆಸರನ್ನು ಹೇಳಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಇಪ್ಪತ್ತೆಂಟು ವರ್ಷದಿಂದ ಊರಿಗೆ ಅವಳು ರೇಡಿಯೊ ಸೊಸೆ.

“ಇದನ್ನು ಬರೆದು ಓದಿದವಳು,” ಎಂದಳು, “ಎರ್ಗೆಷ್‌ನ ಮಗಳು ಬುಬುಸಾರಾ. ಹುಟ್ಟಿದ್ದು ಸಾವಿರದ ಒಂಬೈನೂರ ಅರವತ್ತೈದರಲ್ಲಿ.”

ಕುಬಾತ್ ಕಣ್ಣು ಮಿಟುಕಿಸಿ ಅವಳನ್ನೇ ನೋಡಿದ. ಅಷ್ಟರಲ್ಲಿ ಫೋನು ಹೊಡೆಯಿತು. ಅವಳೇ ಎತ್ತಿದಳು. ಮೇಲಿನ ಹಳ್ಳಿಯ ಹೆಂಗಸೊಬ್ಬಳ ದನಿ.

“ಅಕ್ಕಾ, ಎಲ್ಲಾ ಚೆನ್ನಾಗಿತ್ತು. ಆದ್ರೆ ಕೊನೇಲಿ ಅದ್ಯಾರೋ ಬುಬುಸಾರಾ ಅಂದ್ರಲ್ಲ, ಪಾಪ, ಯಾವಾಗ ತೀರ್ಕೊಂಡ್ರು?”

ಬುಬುಸಾರಾ ಮುಂದಿದ್ದ ಹಾಳೆಗಳನ್ನು ಮಡಿಸಿಟ್ಟಳು.

“ಇಲ್ಲ ತಾಯಿ,” ಎಂದಳು. “ಚೆನ್ನಾಗೇ ಇದಾಳೆ. ಬೊರ್ಸೋಕ್ ತಿನ್ನೋಕೆ ಹೊರಟಿದಾಳೆ.”